ಕಪಿತ್ಥವಲ್ಲಿಯೂ ವಾಮನವೃಕ್ಷವೂ: ಒಂದು ಅಪಾರ್ಥದ ವಿಚಾರ

ಬೋನ್ಸಾಯ್ ವಿದ್ಯೆಯು ಮೂಲತಃ ಭಾರತದ್ದೆಂದೂ, ನಮ್ಮ ಪ್ರಾಚೀನರು ಇದನ್ನು ವಾಮನವೃಕ್ಷಕಲೆಯೆಂದು ಕರೆಯುತ್ತಿದ್ದರೆಂದೂ, ಬೌದ್ಧ ಭಿಕ್ಷುಗಳ ಜೋಳಿಗೆಯಲ್ಲಿ ಅದು ಚೀನಕ್ಕೂ ಅಲ್ಲಿಂದ ಜಪಾನಿಗೂ ಸಾಗಿತೆಂದೂ ಹೇಳುವ ಮಾತು, ಠಾಣೆಯಿಂದ ಕಲ್ಯಾಣದವರೆಗೆ ಗ್ಯಾಲರಿಯ ಕಟಾಂಜನದೊಳಗೆ ನಾಲ್ಕು ಕುಂಡಗಳನ್ನಿಟ್ಟುಕೊಂಡ ಸಜ್ಜನರ ನಡುವೆ ಪ್ರಮಾಣವಾಕ್ಯದಂತೆ ಸಂಚರಿಸುತ್ತಿದೆ. ಆಧಾರವೇನೆಂದು ಕೇಳಿದರೆ ‘ವೃಕ್ಷಾಯುರ್ವೇದದಲ್ಲಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ; ಯಾರ ವೃಕ್ಷಾಯುರ್ವೇದ, ಯಾವ ಶ್ಲೋಕ ಎಂಬುದಕ್ಕೆ ಮಾತ್ರ ಉತ್ತರ ದೊರೆಯುವುದಿಲ್ಲ. ಈ ಅಲಕ್ಷ್ಯವು ಪ್ರಾಚೀನರಲ್ಲಿ ನಿಜವಾದ ಗೌರವವುಳ್ಳವರಿಗೆ ಸಹ್ಯವಾಗತಕ್ಕದ್ದಲ್ಲ.

ಈ ವಾದಕ್ಕೆ ಒದಗಿಬರಬಹುದಾದ ಅತ್ಯಂತ ಬಲವಾದ ಸ್ಥಳವನ್ನೇ ಪರೀಕ್ಷೆಗೆ ತೆಗೆದುಕೊಳ್ಳೋಣ. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಕಪಿತ್ಥವನ್ನು, ಎಂದರೆ ನಾವು ಬೇಲವೆಂದೂ ಇಲ್ಲಿನ ಮರಾಠಿಗರು ಕವಠವೆಂದೂ ಕರೆಯುವ ಮರವನ್ನು, ಬಳ್ಳಿಯಾಗಿ ಪರಿವರ್ತಿಸುವ ಒಂದು ವಿಧಿ ಉಂಟು. ಮರವೊಂದರ ಸಹಜ ಆಕಾರವನ್ನು ಮನುಷ್ಯನು ಬುದ್ಧಿಪೂರ್ವಕವಾಗಿ ಬದಲಿಸುವ ಸಂಕಲ್ಪ ಇಲ್ಲಿ ಸ್ಪಷ್ಟವಾಗಿರುವುದರಿಂದ, ಅವಸರದ ಓದುಗನಿಗೆ ಇದು ಬೋನ್ಸಾಯಿನ ಪೂರ್ವರೂಪವಾಗಿ ತೋರುವುದು ಆಶ್ಚರ್ಯವಲ್ಲ. ಆದರೆ ವಿಧಿಯನ್ನು ಕಡೆಯವರೆಗೂ ಓದಬೇಕು.

ನೆಲ್ಲಿ, ಆಡುಸೋಗೆ, ವೇತಸ, ಅತಿಮುಕ್ತ ಮೊದಲಾದ ಎಂಟು ಗಿಡಗಳ ಬೇರುಗಳನ್ನು ಹಾಲಿನಲ್ಲಿ ಕುದಿಸಿ, ಚೆನ್ನಾಗಿ ಆರಿದ ಆ ಕಷಾಯದಲ್ಲಿ ನೂರು ತಾಳಗಳ, ಎಂದರೆ ನೂರು ಚಪ್ಪಾಳೆಗಳ, ಕಾಲ ಬೀಜವನ್ನಿಟ್ಟು, ದಿನವೂ ಬಿಸಿಲಿನಲ್ಲಿ ಒಣಗಿಸುತ್ತ ಈ ಕ್ರಮವನ್ನು ಒಂದು ತಿಂಗಳು ನಡೆಸಬೇಕು. ಒಂದು ಹಸ್ತ ಅಗಲ, ಎರಡು ಹಸ್ತ ಆಳದ ಗುಂಡಿಯನ್ನು ತೋಡಿ ಅದೇ ದ್ರವದಿಂದ ತುಂಬಬೇಕು. ಅದು ಇಂಗಿ ಒಣಗಿದ ಮೇಲೆ ಗುಂಡಿಯನ್ನು ಸುಟ್ಟು, ಬೂದಿ ಬೆರೆಸಿದ ಜೇನನ್ನೂ ತುಪ್ಪವನ್ನೂ ಬಳಿಯಬೇಕು. ಮಣ್ಣಿನ ಪದರಗಳ ನಡುನಡುವೆ ಉದ್ದು, ಎಳ್ಳು, ಜವೆಗಳ ಹಿಟ್ಟನ್ನು ಹಾಕಿ, ಮೀನುಮಾಂಸದ ನೀರೆರೆದು ಗಟ್ಟಿಯಾಗುವ ತನಕ ಕುಟ್ಟಬೇಕು. ನಾಲ್ಕು ಅಂಗುಲ ಕೆಳಗೆ ಬೀಜವನ್ನು ಬಿತ್ತಿ ಮತ್ತೆ ಮೀನಿನ ನೀರನ್ನೂ ಮಾಂಸದ ನೀರನ್ನೂ ಎರೆಯಬೇಕು. ಹೀಗೆ ಮಾಡಿದರೆ ಫಲವೇನು? ಸುಂದರವಾದ ಚಿಗುರುಗಳುಳ್ಳ ಬಳ್ಳಿಯು ಶೀಘ್ರವಾಗಿ ಎದ್ದು, ನೋಡಿದವರು ವಿಸ್ಮಯಪಡುವಂತೆ ಮಂಟಪವನ್ನೇ ಆವರಿಸುತ್ತದೆ ಎಂದು ವರಾಹಮಿಹಿರನು ಮುಗಿಸುತ್ತಾನೆ.

ಮಂಟಪವನ್ನು ಆವರಿಸುವ ಬಳ್ಳಿಗೂ ಅಂಗೈಯಗಲದ ತಟ್ಟೆಯಲ್ಲಿ ನಿಲ್ಲುವ ಮರಕ್ಕೂ ಎಲ್ಲಿಯ ಸಂಬಂಧ? ಬೋನ್ಸಾಯ್ ಮಾಡುವವನು ತಾಯಿಬೇರನ್ನು ಕತ್ತರಿಸಿ, ನಾಲ್ಕು ಬೆರಳು ಆಳದ ಮಣ್ಣಿನಲ್ಲಿ ಗಿಡವನ್ನಿರಿಸಿ, ಗೊಬ್ಬರವನ್ನು ಅಳೆದು ಕೊಟ್ಟು, ವರ್ಷಗಳ ತಾಳ್ಮೆಯಿಂದ ಬೆಳವಣಿಗೆಯನ್ನು ಹತೋಟಿಯಲ್ಲಿಡುತ್ತಾನೆ. ಬೃಹತ್ಸಂಹಿತೆಯ ತೋಟಗಾರನಾದರೋ ಬೇರು ಆಳಕ್ಕಿಳಿಯಲೆಂದು ಗುಂಡಿಯ ಆಳವನ್ನು ಇಮ್ಮಡಿಸುತ್ತಾನೆ, ಪೋಷಣೆಯನ್ನು ಮಿತಿಮೀರಿ ಕೊಡುತ್ತಾನೆ, ಬಯಸುವುದು ವೇಗವನ್ನು ಮತ್ತು ವಿಸ್ತಾರವನ್ನು. ಅದೇ ಅಧ್ಯಾಯವು ಮರದಿಂದ ಮರಕ್ಕೆ ಇಪ್ಪತ್ತು ಹಸ್ತಗಳ ಅಂತರವನ್ನು ಉತ್ತಮವೆಂದೂ, ಹದಿನಾರನ್ನು ಮಧ್ಯಮವೆಂದೂ, ಹನ್ನೆರಡನ್ನು ಕನಿಷ್ಠವೆಂದೂ ವಿಧಿಸಿ, ಒತ್ತೊತ್ತಾಗಿ ಬೆಳೆದು ಬೇರಿಗೆ ಬೇರು ತಾಗಿದ ಮರಗಳು ಪೀಡಿತವಾಗಿ ಸರಿಯಾಗಿ ಫಲ ಕೊಡುವುದಿಲ್ಲವೆಂದು ಹೇಳುತ್ತದೆ. ಬೇರಿನ ಇಕ್ಕಟ್ಟನ್ನು ದೋಷವೆಂದು ಎಣಿಸಿದ ಶಾಸ್ತ್ರಕಾರನಿಂದ, ಬೇರಿನ ಇಕ್ಕಟ್ಟನ್ನೇ ಉಪಾಯವಾಗಿ ಮಾಡಿಕೊಂಡ ಕಲೆಯನ್ನು ಹೊರಡಿಸುವುದು ತರ್ಕವನ್ನು ಹಿಂಸಿಸಿದಂತೆ. (ಮರದ ಸ್ವಭಾವವನ್ನು ಮಾರ್ಪಡಿಸಬಹುದೆಂಬ ಕಲ್ಪನೆಯಾದರೂ ಇಲ್ಲಿದೆಯಲ್ಲವೇ ಎಂದು ಪ್ರತಿವಾದಿಗಳು ಕೇಳಬಹುದು. ಇದೆ. ಅಷ್ಟನ್ನು ಒಪ್ಪುತ್ತೇನೆ, ಅದಕ್ಕಿಂತ ಎಳ್ಳಷ್ಟೂ ಹೆಚ್ಚನ್ನಲ್ಲ.)

ಔಷಧಿಯ ಮರಗಳನ್ನು ವೈದ್ಯರು ಅಂಗಳದ ಕುಂಡದಲ್ಲಿ ಗಿಡ್ಡವಾಗಿ ಇಟ್ಟುಕೊಳ್ಳುತ್ತಿದ್ದರೆಂಬ ಇನ್ನೊಂದು ವಾದದ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಎಲೆಗಾಗಿ ಪದೇ ಪದೇ ಸವರಿದ ಗಿಡ ಗಿಡ್ಡವಾಗಿಯೇ ಇರುತ್ತದೆ. ಡೊಂಬಿವಲಿಯ ಹಳೆಯ ಕಟ್ಟಡಗಳ ಬಿರುಕಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಅರಳಿಯೂ ಹಾಗೆಯೇ ಇರುತ್ತದೆ. ಉದ್ದೇಶವಿಲ್ಲದ ಕುಬ್ಜತೆಗೆ ಕಲೆಯೆಂಬ ಹೆಸರು ಸಲ್ಲುವುದಿಲ್ಲ.

ವಾಮನವೃಕ್ಷಕ್ಕೆ ಮಾನಸೋಲ್ಲಾಸವನ್ನು ಸಾಕ್ಷಿಗೆ ಕರೆಯಬಯಸುವ, ಕಲ್ಯಾಣದಲ್ಲಿ ನೆಲೆಸಿರುವ ನಮ್ಮವರಿಗೆ ಇಲ್ಲೊಂದು ಎಚ್ಚರಿಕೆಯನ್ನು ಹೇಳಬೇಕು. ಆ ಸಂಸ್ಕೃತ ಗ್ರಂಥವನ್ನು ರಚಿಸಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಕಲ್ಯಾಣವು ಬೀದರ ಜಿಲ್ಲೆಯ ಬಸವಕಲ್ಯಾಣ; ಉಲ್ಹಾಸ ನದಿಯ ಮಗ್ಗುಲಿನ ಈ ಕಲ್ಯಾಣವು ಸ್ಥಾನಕ, ಎಂದರೆ ಠಾಣೆಯ, ಶಿಲಾಹಾರರ ಸೀಮೆಗೆ ಸೇರಿದ್ದುದು. ಆ ಗ್ರಂಥದ ಭೂಧರಕ್ರೀಡೆಯಲ್ಲಿ ಬರುವ ಕೃತಕ ಗಿರಿಯು ಅರಸನು ಪರಿವಾರದೊಡನೆ ವಿಹರಿಸತಕ್ಕ ಗಾತ್ರದ್ದು. ಅದನ್ನು ತಟ್ಟೆಯ ಮೇಲಿನ ಚೀನೀ ಗಿರಿದೃಶ್ಯದೊಡನೆ ಸಮೀಕರಿಸಲಾಗದು. ಚೀನದ ಪಕ್ಷದಲ್ಲಿ ಗೋಡೆಯ ಮೇಲಿನ ಸಾಕ್ಷ್ಯವೇ ಇದೆ: 706ರಲ್ಲಿ ನಿರ್ಮಿತವಾದ ರಾಜಕುಮಾರ ಝಾಂಗ್‌ಹುವಾಯಿಯ ಸಮಾಧಿಯ ಚಿತ್ರದಲ್ಲಿ ಪರಿಚಾರಕರೊಬ್ಬರು ಕಲ್ಲುಗಳೂ ಪುಟ್ಟ ಗಿಡಗಳೂ ಇರುವ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. ಜಪಾನಿನಲ್ಲಿ 1309ರ ಕಾಸುಗ ಚಿತ್ರಸುರುಳಿಯಲ್ಲಿ ತಟ್ಟೆಯ ಮರಗಳು ಕಾಣಿಸುತ್ತವೆ. ಇಂಥ ಒಂದೇ ಒಂದು ಚಿತ್ರವನ್ನೋ ಶಿಲ್ಪವನ್ನೋ ನಮ್ಮ ಪಕ್ಷದವರು ಮುಂದಿಟ್ಟುದನ್ನು ನಾನು ಕಂಡಿಲ್ಲ.

ಹಾಗಾದರೆ ನಮ್ಮದೆನ್ನುವುದು ಏನೂ ಇಲ್ಲವೇ? ಇದೆ, ಮತ್ತು ಅದನ್ನು ಯಾರೂ ಎತ್ತಿ ಹೇಳುವುದಿಲ್ಲವೆಂಬುದೇ ನನ್ನ ಅಸಮಾಧಾನ. ಹಲಸು, ಅಶೋಕ, ನೇರಳೆ, ದಾಳಿಂಬೆ, ದ್ರಾಕ್ಷಿ, ಮಾದಲ ಮೊದಲಾದವನ್ನು ಕಾಂಡದಿಂದಲೇ, ಸೆಗಣಿಯನ್ನು ಬಳಿದು, ನೆಡಬಹುದೆಂದು ವರಾಹಮಿಹಿರನು ಆರನೆಯ ಶತಮಾನದಲ್ಲಿ ಬರೆದಿದ್ದಾನೆ. ಕೊಂಬೆಯೊಡೆಯದ ಸಸಿಯನ್ನು ಶಿಶಿರದಲ್ಲಿ, ಕೊಂಬೆಯೊಡೆದುದನ್ನು ಹೇಮಂತದಲ್ಲಿ, ದಪ್ಪ ಕಾಂಡವುಳ್ಳದ್ದನ್ನು ಮಳೆಯ ಆರಂಭದಲ್ಲಿ ಕಿತ್ತು ನೆಡಬೇಕೆಂದು ಋತುಭೇದವನ್ನೂ ಹೇಳಿದ್ದಾನೆ. ಈ ಎರಡು ಮಾತುಗಳ ಸತ್ಯವನ್ನು ಠಾಣೆಯ ಘೋಡ್‌ಬಂದರ್ ರಸ್ತೆಯ ನರ್ಸರಿಗಳಲ್ಲಿ ಜೂನ್ ತಿಂಗಳಿನಲ್ಲಿ ನೋಡಬೇಕು. ಮಣಿಕಟ್ಟಿನಷ್ಟು ದಪ್ಪದ ಫೈಕಸ್ ಕೊಂಬೆಯನ್ನು ಕಡಿದು, ಒಸರುವ ಹಾಲನ್ನು ತೊಳೆದು, ಎಲೆಗಳನ್ನೆಲ್ಲ ಕಿತ್ತು, ದಪ್ಪ ಮರಳಿಗೆ ಇಟ್ಟಿಗೆಚೂರು ಬೆರೆಸಿದ ಕುಂಡದಲ್ಲಿ ನೆಟ್ಟು ನೆರಳಿನಲ್ಲಿಟ್ಟರೆ, ಕೊಂಕಣದ ಮಳೆಗಾಲದ ತೇವದಲ್ಲಿ ಕೆಲವೇ ವಾರಗಳೊಳಗೆ ಬೋಳು ಕಾಂಡದ ಮೇಲೆ ಚಿಗುರು ಮೂಡಿ, ಕುಂಡದ ತೂತಿನಿಂದ ಬಿಳಿಯ ಬೇರು ಇಣುಕುತ್ತದೆ. ತಂತಿ ಸುತ್ತುವುದು ಅನಂತರದ ಮಾತು. ಅದೂ ಶ್ರಾವಣದ ಭರದ ಬೆಳವಣಿಗೆಯಲ್ಲಿ ತೊಗಟೆಯೊಳಕ್ಕೆ ಕಚ್ಚಿಕೊಳ್ಳುವ ಮುನ್ನ ಬಿಚ್ಚಬೇಕಾದುದು. ತಂತಿಯ ವಿದ್ಯೆ ಜಪಾನಿನದು, ಕಾಂಡವನ್ನು ಬೇರೂರಿಸುವ ವಿದ್ಯೆಗೆ ನಮ್ಮಲ್ಲಿ ಲಿಖಿತ ಪರಂಪರೆಯುಂಟು: ಇಷ್ಟನ್ನು ನಿಸ್ಸಂಶಯವಾಗಿ ಹೇಳಬಹುದು.

ಈ ಪರಂಪರೆಗೆ ಕನ್ನಡದ ಸಾಕ್ಷಿಯೂ ಇರುವಾಗ, ನಮ್ಮವರೂ ಸಂಸ್ಕೃತದಲ್ಲಿ ವೃಕ್ಷಾಯುರ್ವೇದವನ್ನು ಬರೆದ ಸುರಪಾಲನನ್ನೂ ಶಾರ್ಙ್ಗಧರನನ್ನೂ ಮಾತ್ರ ಉದ್ಧರಿಸಿ ಮುಂದೆ ಸಾಗುವುದು ಖೇದಕರ. ಚಾಲುಕ್ಯ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು (ಗೊಮ್ಮಟನನ್ನು ನಿಲ್ಲಿಸಿದ ಗಂಗಮಂತ್ರಿ ಬೇರೆ, ಇವನು ಬೇರೆ; ಈ ಗೊಂದಲ ಇನ್ನೂ ನಿಂತಿಲ್ಲ) ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ, ಅಂತರ್ಜಲ ಶೋಧನೆ, ಪಾಕಶಾಸ್ತ್ರ, ಗಂಧಯುಕ್ತಿಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಒಂದು ಪ್ರತ್ಯೇಕ ಭಾಗ ಮೀಸಲಾಗಿದೆ. ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ನು 2006ರಲ್ಲಿ ಇದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಮುಂಬಯಿಯಿಂದ ಕಲ್ಯಾಣದವರೆಗಿನ ಕರ್ನಾಟಕ ಸಂಘಗಳಲ್ಲಿ ನನ್ನ ವಿನಂತಿ ಇಷ್ಟೇ: ಲೋಕೋಪಕಾರದ ಈ ಒಂದು ಭಾಗವನ್ನು ಮೂಲ ಮತ್ತು ಸರಳ ಗದ್ಯಾನುವಾದಗಳೊಡನೆ ಚಿಕ್ಕ ಪುಸ್ತಕವಾಗಿ ಅಚ್ಚುಮಾಡಿಸಿ, ಗಿಡ ಬೆಳೆಸುವವರ ಕೈಗೆ ಕೊಡಿರಿ, ವಾಮನವೃಕ್ಷದ ಕಥೆಯನ್ನು ಫಲಕಗಳ ಮೇಲೆ ಬರೆಯುವುದನ್ನು ದಯವಿಟ್ಟು ನಿಲ್ಲಿಸಿರಿ.