ಗೊಟ್ಟಿಗೆರೆಯಲ್ಲಿ ಸಭೆ ಸೇರುವ ಹಕ್ಕು

ಬನ್ನೇರುಘಟ್ಟ ರಸ್ತೆಯ ಮೇಲಿರುವ ಗೊಟ್ಟಿಗೆರೆ ಇಂದು ಬೆಂಗಳೂರಿನ ದಕ್ಷಿಣ ಅಂಚಿನ ಬಡಾವಣೆಗಳಲ್ಲಿ ಒಂದಾಗಿ ಕಂಡರೂ, 2007ರವರೆಗೆ ಅದು ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಗೆ ಸೇರಿದ ಒಂದು ಹಳ್ಳಿಯಾಗಿತ್ತು. ಸುಮಾರು 37 ಎಕರೆಯ ಕೆರೆ, ಆ ಕೆರೆ ತುಂಬಿದಾಗ ಹುಳಿಮಾವಿನ ಕಡೆಗೆ ಹರಿಯುವ ಕಾಲುವೆ, ಸುತ್ತಲಿನ ಹೊಲಗದ್ದೆ, ಇವೇ ಆ ಹಳ್ಳಿಯ ಆಸ್ತಿ. ನಗರ ಸೇರಿದ ಮೇಲೆ 194ನೆಯ ವಾರ್ಡ್‌ಗೆ ತನ್ನ ಹೆಸರನ್ನೇ ಕೊಟ್ಟ ಈ ಊರಿನಲ್ಲಿಯೂ ನಗರದ ಉಳಿದೆಡೆಗಳಂತೆ ವಾರ್ಡ್ ಸಮಿತಿಯ ಸಭೆಗಳನ್ನು ಕುರಿತು ಅಧಿಕಾರಿಗಳು ಹೇಳುವ ಮಾತು ಒಂದೇ: ಸಭೆ ಕರೆದರೆ ಜನ ಬರುವುದಿಲ್ಲ. ಈ ಮಾತನ್ನು ನಿವಾಸಿಗಳ ಉದಾಸೀನಕ್ಕೆ ಸಾಕ್ಷಿಯೆಂದು ಒಪ್ಪಿಕೊಳ್ಳುವುದಕ್ಕೆ ಮೊದಲು, ಇದೇ ನೆಲದಲ್ಲಿ ಜನ ಯಾವ ಕಾರಣಕ್ಕೆ ಸೇರುತ್ತಿದ್ದರು, ಸೇರುವ ಹಕ್ಕು ಯಾರಿಗಿತ್ತು, ಅದು ಯಾವಾಗ ಯಾರ ಕೈಗೆ ಹೋಯಿತು ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಮೈಸೂರು ಸೀಮೆಯ ಕೆರೆಯೂರುಗಳಲ್ಲಿ ಊರು ಒಟ್ಟಾಗಿ ಕೈಗೊಳ್ಳಬೇಕಾದ ನಿರ್ಧಾರಗಳಲ್ಲಿ ಮೊದಲನೆಯದು ನೀರಿನ ಹಂಚಿಕೆ. ಮಳೆಗಾಲ ಮುಗಿದ ಮೇಲೆ ಕೆರೆಯಲ್ಲಿ ಎಷ್ಟು ನೀರು ನಿಂತಿದೆ, ಅದು ಅಚ್ಚುಕಟ್ಟಿನ, ಎಂದರೆ ಕೆರೆಯ ನೀರು ಹರಿಯುವಷ್ಟು ಜಮೀನಿನ, ಎಷ್ಟು ಭಾಗಕ್ಕೆ ಸಾಕಾಗುತ್ತದೆ, ಈ ವರ್ಷ ಭತ್ತ ನಾಟಿ ಮಾಡಬಹುದೇ ಅಥವಾ ಕಡಿಮೆ ನೀರು ಬೇಡುವ ಬೆಳೆಗೆ ತೃಪ್ತಿಪಡಬೇಕೇ, ತೂಬನ್ನು ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗಳನ್ನು ಒಬ್ಬ ರೈತ ಒಂಟಿಯಾಗಿ ಬಗೆಹರಿಸಿಕೊಳ್ಳುವಂತಿರಲಿಲ್ಲ. ನಿರ್ಧಾರವನ್ನು ಜಾರಿಗೆ ತರುವವನು ನೀರಗಂಟಿ. ಗೌಡ, ಶಾನುಭೋಗ, ತಳವಾರ, ತೋಟಿ ಮೊದಲಾದವರಂತೆ ಅವನೂ ಆಯಗಾರ, ಎಂದರೆ ಊರಿನ ಕೆಲಸಕ್ಕೆ ಪ್ರತಿಫಲವಾಗಿ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆಯುವವನು. ತೂಬು ತೆಗೆದು ಮುಚ್ಚುವುದು, ಸರದಿಯಂತೆ ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವುದು, ಜಡಿಮಳೆಯ ರಾತ್ರಿಗಳಲ್ಲಿ ಏರಿ ಕಾಯುವುದು ಅವನ ಹೊಣೆ. ಏರಿಯಲ್ಲಿ ಬಿರುಕು ಕಂಡರೆ ಅಥವಾ ಕೋಡಿ ಕಟ್ಟಿಕೊಂಡರೆ ಊರನ್ನು ಎಬ್ಬಿಸುವುದೂ ಅವನದೇ. ಹೂಳೆತ್ತುವುದಕ್ಕೆ, ಕಾಲುವೆ ತೋಡುವುದಕ್ಕೆ ಮನೆಗೊಂದಾಳು ಬರಬೇಕೆಂಬುದು ಕಟ್ಟಳೆಯಾಗಿದ್ದು, ಆಳು ಕಳುಹಿಸದ ಮನೆಯವರು ತಪ್ಪುಕಾಣಿಕೆ ತೆರಬೇಕಾಗುತ್ತಿತ್ತು. ಇವನ್ನೆಲ್ಲ ತೀರ್ಮಾನಿಸುವ ಅರಳಿಕಟ್ಟೆಯ ಸಭೆಗೆ ಹೋಗದವನಿಗೆ ತನ್ನ ಸರದಿಯ ನೀರಿನ ವಿಷಯದಲ್ಲಿ ಮಾತನಾಡುವ ಸಂದರ್ಭವೇ ಒದಗುತ್ತಿರಲಿಲ್ಲವಾದ್ದರಿಂದ, ಜನರನ್ನು ಸಭೆಗೆ ಕರೆತರಲು ಬೇರೆ ಉಪಾಯ ಬೇಕಿರಲಿಲ್ಲ.

ಆದರೆ ಅರಳಿಕಟ್ಟೆಯ ಆ ಸಭೆಯನ್ನು ಆದರ್ಶವೆಂದು ಕೊಂಡಾಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಅದು ಜಮೀನುಳ್ಳವರ ಸಭೆಯಾಗಿತ್ತು. ಸಂಜೆ ತಮಟೆ ಬಾರಿಸಿಕೊಂಡು ಬೀದಿಬೀದಿಯಲ್ಲಿ ಸಭೆಯ ಸುದ್ದಿ ಸಾರಿದವನಿಗೆ ಆ ಕಟ್ಟೆಯ ಮೇಲೆ ಕೂರುವ ಹಕ್ಕಿರಲಿಲ್ಲ. ನಾಟಿ ಮಾಡಿ ಕಳೆ ತೆಗೆಯುವ ಹೆಂಗಸರ ಅಭಿಪ್ರಾಯವನ್ನು ಕೇಳುವವರಿರಲಿಲ್ಲ. ಭೂಮಿಯಿಲ್ಲದ ಕೂಲಿಯವರು ಮನೆಗೊಂದಾಳಿನ ಲೆಕ್ಕದಲ್ಲಿ ಇದ್ದರೂ ತೀರ್ಮಾನದ ಲೆಕ್ಕದಲ್ಲಿ ಇರಲಿಲ್ಲ. ನಿರ್ಧಾರ, ದುಡಿಮೆ ಮತ್ತು ಫಲ ಮೂರನ್ನೂ ಒಂದೇ ಕಡೆ ಕಟ್ಟಿಹಾಕಿದ್ದು ಅದರ ಬಲವಾದರೆ, ದುಡಿದವರಲ್ಲಿ ಬಹುಪಾಲು ಜನರನ್ನು ನಿರ್ಧಾರದಿಂದ ಹೊರಗಿಟ್ಟದ್ದು ಅದರ ಕ್ರೌರ್ಯ.

ಮೈಸೂರು ಸಂಸ್ಥಾನ ಈ ವಾಡಿಕೆಯನ್ನು ಕಾನೂನಿನ ಚೌಕಟ್ಟಿಗೆ ತರಲು ಯತ್ನಿಸಿತು. ಕೆರೆಗಳ ದುರಸ್ತಿ ಮತ್ತು ನಿರ್ವಹಣೆಯನ್ನು ರೈತರ ಪಂಚಾಯಿತಿಗೆ ವಹಿಸಿಕೊಡುವ ಕೆರೆ ಪಂಚಾಯಿತಿ ನಿಬಂಧನೆ 1911ರಲ್ಲಿ ಬಂತು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1914ರಲ್ಲಿ ಆರಂಭವಾದ ಗ್ರಾಮ ಸುಧಾರಣಾ ಯೋಜನೆಯು ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಶ್ರಮ ಕೊಡುವಂತೆ ಗ್ರಾಮಸ್ಥರನ್ನು ಕೇಳಿತು. ಸ್ವಾತಂತ್ರ್ಯಾನಂತರ ಕೆರೆಗಳು ಕ್ರಮೇಣ ಸರ್ಕಾರಿ ಇಲಾಖೆಗಳ ಪಾಲಾದವು. ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಹುಟ್ಟಿನಿಂದ ಬರುವ ಅಧಿಕಾರ ಕೊನೆಗೊಂಡಿತು. ಇದು ಆಗಲೇಬೇಕಾಗಿದ್ದ ಕೆಲಸ. ಆದರೆ ಏರಿ ಕಾಯುವ ಹೊಣೆ ಯಾರದೆಂಬ ಪ್ರಶ್ನೆಗೆ ಹಳ್ಳಿಯೊಳಗೆ ಸ್ಪಷ್ಟ ಉತ್ತರ ಸಿಗದಂತಾಯಿತು. 2019ರ ನವೆಂಬರ್ 24ರಂದು ಗೊಟ್ಟಿಗೆರೆಯ ಕೆಳಗಿನ ಹುಳಿಮಾವು ಕೆರೆಯ ಏರಿ ಒಡೆದು ತಗ್ಗಿನ ಬಡಾವಣೆಗಳ ನೂರಾರು ಮನೆಗಳಿಗೆ ನೀರು ನುಗ್ಗಿದಾಗ, ಈ ಉತ್ತರವಿಲ್ಲದ ಸ್ಥಿತಿ ಎಷ್ಟು ಅಪಾಯಕಾರಿ ಎಂಬುದು ಎಲ್ಲರ ಕಣ್ಣಿಗೂ ಬಿತ್ತು.

ಕಟ್ಟೆಯಿಂದ ಹೊರಗೆ ನಿಂತವರಿಗೆ ಸಭೆಯ ಬಾಗಿಲು ತೆರೆದದ್ದು ಪಂಚಾಯಿತಿ ಕಾನೂನುಗಳು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ಬಂದ 1983ರ ಕಾಯ್ದೆಯು ಮಂಡಲ ಪಂಚಾಯಿತಿಗಳನ್ನು ಸ್ಥಾಪಿಸಿ, ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಿಟ್ಟು, ಗ್ರಾಮಸಭೆಗೆ ಕಾನೂನಿನ ಸ್ಥಾನ ಕೊಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆಯ ಸದಸ್ಯತ್ವಕ್ಕೆ ಯಾರ ಶಿಫಾರಸೂ ಬೇಡ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ, ಜಮೀನಿರಲಿ ಇಲ್ಲದಿರಲಿ, ಯಾವ ಜಾತಿಯವರೇ ಆಗಿರಲಿ, ಅದರ ಸದಸ್ಯರು. ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ, ಪ್ರತಿ 400 ಜನರಿಗೆ ಒಬ್ಬ ಚುನಾಯಿತ ಸದಸ್ಯ, ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಎಂಬುದು ಕಾಯ್ದೆಯ ಅಳತೆ. ಬಳಿಕ ಸೇರಿಸಲಾದ ವಾರ್ಡ್ ಸಭೆ, ಎಂದರೆ ಒಂದು ಕ್ಷೇತ್ರದ ಮತದಾರರೆಲ್ಲರ ಚಿಕ್ಕ ಸಭೆ, ನಡೆಯಲು ಬೇಕಾದ ಕೋರಂ ಮತದಾರರ ಹತ್ತನೆಯ ಒಂದು ಭಾಗ ಅಥವಾ ಇಪ್ಪತ್ತು ಜನ, ಯಾವುದು ಕಡಿಮೆಯೋ ಅದು. ಆಶ್ರಯ ಮನೆ ಯಾರಿಗೆ, ಕೊಳವೆಬಾವಿ ಎಲ್ಲಿ, ಚರಂಡಿ ಯಾವ ಬೀದಿಗೆ ಮೊದಲು ಎಂಬ ವಿಷಯಗಳು ಅಲ್ಲಿ ಬರುತ್ತಿದ್ದವು. ಪಂಚಾಯಿತಿಯ ಕೊಳವೆಬಾವಿಯಿಂದ ಬೀದಿಗೆ ನೀರು ಬಿಡುವ ನೌಕರನಿಗೂ ಹಳೆಯ ನೀರಗಂಟಿಯ ಹೆಸರೇ ಉಳಿದಿತ್ತು. ಎಲ್ಲ ಗ್ರಾಮಸಭೆಗಳೂ ಚೆನ್ನಾಗಿ ನಡೆದವೆಂದಲ್ಲ. ರುಜು ಹಾಕಿಸಿಕೊಂಡು ನಡಾವಳಿ ಪುಸ್ತಕ ತುಂಬಿಸಿದ ಸಭೆಗಳು ನಾಡಿನಲ್ಲಿ ಸಾಕಷ್ಟಿವೆ. ಹಾಗಿದ್ದರೂ ಎದ್ದು ನಿಂತು ಲೆಕ್ಕ ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಇತ್ತು.

ಇದೇ ಅವಧಿಯಲ್ಲಿ ಬೆಂಗಳೂರು ನಗರ ಬೇರೊಂದು ದಾರಿಯಲ್ಲಿ ಬೆಳೆದಿತ್ತು. 1862ರಲ್ಲಿ ಒಂಬತ್ತು ಮಂದಿ ಗಣ್ಯರ ಮಂಡಳಿಯಾಗಿ ಹುಟ್ಟಿದ ಪುರಸಭೆ, 1949ರಲ್ಲಿ ನಗರ ಮತ್ತು ದಂಡು ಪ್ರದೇಶಗಳನ್ನು ಕೂಡಿಸಿ ಕಾರ್ಪೊರೇಷನ್ ಆಯಿತು. ನಗರಗಳಿಗೆ ಸಂಬಂಧಿಸಿದ 74ನೆಯ ತಿದ್ದುಪಡಿಯು ಮೂರು ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದಿತೇ ಹೊರತು, ಗ್ರಾಮಸಭೆಗೆ ಸರಿದೂಗುವ ಮತದಾರರ ಸಭೆಯನ್ನು ನಗರವಾಸಿಗೆ ಕೊಡಲಿಲ್ಲ. ಎರಡು ತಿದ್ದುಪಡಿಗಳೂ ಒಂದೇ ವರ್ಷದಲ್ಲಿ, ಒಂದೇ ಸಂಸತ್ತಿನಿಂದ ಬಂದವು. ಆದರೂ ಹಳ್ಳಿಯವನಿಗೆ ಹಕ್ಕಾದದ್ದು ಪಟ್ಟಣದವನಿಗೆ ನಾಮನಿರ್ದೇಶನದ ಕೃಪೆಯಾಗಿ ಉಳಿಯಿತು. ಬೆಂಗಳೂರಿನಲ್ಲಿ 1999ರಲ್ಲಿ ರಚನೆಯಾದ ಸಮಿತಿಗಳು ನೂರು ವಾರ್ಡ್‌ಗಳಿಗೆ ಮೂವತ್ತೇ ಆಗಿದ್ದವು.

ಈ ವ್ಯತ್ಯಾಸ ಗೊಟ್ಟಿಗೆರೆಗೆ ತಟ್ಟಿದ್ದು 2007ರಲ್ಲಿ. ಹಳೆಯ ಮಹಾನಗರ ಪಾಲಿಕೆಯ ನೂರು ವಾರ್ಡ್‌ಗಳ ಜೊತೆಗೆ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು ‘110 ಹಳ್ಳಿಗಳು’ ಎಂದೇ ಇಂದಿಗೂ ಕರೆಯಲಾಗುವ ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ, ಗೊಟ್ಟಿಗೆರೆಯೂ ಆ ಹಳ್ಳಿಗಳ ಪಟ್ಟಿಯಲ್ಲಿತ್ತು. ಸೇರ್ಪಡೆಯಿಂದ ರಸ್ತೆ, ನೀರು, ಒಳಚರಂಡಿ ಬರುತ್ತವೆಂಬ ನಿರೀಕ್ಷೆ ಎಲ್ಲರ ಬಾಯಲ್ಲೂ ಇತ್ತು. ಪಂಚಾಯಿತಿಯೊಂದಿಗೆ ಗ್ರಾಮಸಭೆಯೂ ಇಲ್ಲವಾಗುತ್ತದೆ ಎಂಬುದು ಚರ್ಚೆಗೆ ಬರಲೇ ಇಲ್ಲವೆನ್ನಬೇಕು. 400 ಜನರಿಗೊಬ್ಬ ಸದಸ್ಯನಿದ್ದ ಜಾಗದಲ್ಲಿ ಮೊದಲ ಮೂರು ವರ್ಷ ಚುನಾಯಿತ ಪ್ರತಿನಿಧಿಯೇ ಇರಲಿಲ್ಲ. 2010ರ ಮಾರ್ಚ್‌ನಲ್ಲಿ ಪಾಲಿಕೆಯ 198 ವಾರ್ಡ್‌ಗಳಿಗೆ ಚುನಾವಣೆ ನಡೆದ ಮೇಲೆ ಒಬ್ಬ ಸದಸ್ಯ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನರನ್ನು ಪ್ರತಿನಿಧಿಸುವಂತಾಯಿತು. ಸ್ವಂತ ಕೊಳವೆಬಾವಿ ಮತ್ತು ಸ್ವಂತ ನೀರಗಂಟಿಯಿದ್ದ ಊರಿನ ನೀರಿನ ಪ್ರಶ್ನೆ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಗೆ ಹೋಯಿತು; ಕಾವೇರಿ ಐದನೆಯ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಯೋಜನೆ, ಈ 110 ಹಳ್ಳಿಗಳಿಗಾಗಿಯೇ ರೂಪುಗೊಂಡು ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷಗಳ ಆ ನಡುಗಾಲದಲ್ಲಿ ಕಂದಾಯ ಬಡಾವಣೆಗಳ, ಎಂದರೆ ಯೋಜನಾ ಪ್ರಾಧಿಕಾರದ ಅನುಮೋದನೆಯಿಲ್ಲದೆ ಕೃಷಿಭೂಮಿಯಲ್ಲಿ ಎದ್ದ ಬಡಾವಣೆಗಳ, ಮನೆಗಳು ಟ್ಯಾಂಕರ್ ನೀರಿಗೆ ಹಣ ತೆತ್ತವು. ಹೊಸದಾಗಿ ಬಂದ ಕುಟುಂಬಗಳು ತಮ್ಮ ತಮ್ಮ ಬಡಾವಣೆಗೆ ಕ್ಷೇಮಾಭಿವೃದ್ಧಿ ಸಂಘ ಕಟ್ಟಿಕೊಂಡವು. ಊರಿನ ಹಳೆಯ ಬೀದಿಯವರಿಗಾಗಲಿ, ಬಾಡಿಗೆ ಮನೆಯವರಿಗಾಗಲಿ, ಶೆಡ್ಡುಗಳಲ್ಲಿ ಉಳಿದ ಕಟ್ಟಡ ಕಾರ್ಮಿಕರಿಗಾಗಲಿ ಅಂಥ ಸಂಘಗಳಲ್ಲಿ ಸಾಮಾನ್ಯವಾಗಿ ಜಾಗ ಸಿಗುವುದಿಲ್ಲ.

ವಾರ್ಡ್ ಸಮಿತಿಗೆ ಹೊಸ ರೂಪ ಬಂದದ್ದು 2011ರ ತಿದ್ದುಪಡಿಯಿಂದ. ಕೇಂದ್ರದ ನಗರ ನವೀಕರಣ ಯೋಜನೆಯಾದ ಜೆನರ್ಮ್ ಅನುದಾನಕ್ಕೆ ಜನಭಾಗಿತ್ವದ ಕಾನೂನು ಷರತ್ತಾಗಿದ್ದುದೇ ಅದಕ್ಕೆ ಮುಖ್ಯ ಪ್ರೇರಣೆ. ಪ್ರತಿ ವಾರ್ಡ್‌ಗೂ ಒಂದು ಸಮಿತಿ, ಪಾಲಿಕೆ ಸದಸ್ಯರೇ ಅಧ್ಯಕ್ಷರು, ಹತ್ತು ಮಂದಿ ನಾಮನಿರ್ದೇಶಿತರು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು, ತಿಂಗಳಿಗೊಂದು ಸಭೆ. ಅದೇ ತಿದ್ದುಪಡಿಯಲ್ಲಿ ಏರಿಯಾ ಸಭೆ ಎಂಬ ಇನ್ನೊಂದು ಏರ್ಪಾಟೂ ಇತ್ತು. ವಾರ್ಡ್ ಅನ್ನು ಮತಗಟ್ಟೆಗಳ ಆಧಾರದ ಮೇಲೆ ಸಣ್ಣ ಪ್ರದೇಶಗಳಾಗಿ ವಿಂಗಡಿಸಿ, ಆ ಪ್ರದೇಶದ ಪ್ರತಿ ಮತದಾರನನ್ನೂ ಸದಸ್ಯನನ್ನಾಗಿ ಮಾಡುವ ಈ ಸಭೆ 2007ರಲ್ಲಿ ಗೊಟ್ಟಿಗೆರೆ ಕಳೆದುಕೊಂಡ ಗ್ರಾಮಸಭೆಗೆ ಅತ್ಯಂತ ಹತ್ತಿರದ್ದು. ಬೆಂಗಳೂರಿನಲ್ಲಿ ಅದು ಕಾಗದದಿಂದ ಇಳಿದು ಬರಲಿಲ್ಲ. ನಗರಾಡಳಿತದ ಚರಿತ್ರೆ ಬರೆಯುವವರು ಸಮಿತಿಗಳ ಕುರಿತು ಪುಟಗಟ್ಟಲೆ ಬರೆದು ಏರಿಯಾ ಸಭೆಯನ್ನು ಒಂದು ವಾಕ್ಯದಲ್ಲಿ ಮುಗಿಸುವುದು ವಾಡಿಕೆಯಾಗಿದೆ. ಅತ್ಯಂತ ದೊಡ್ಡ ನಷ್ಟ ಇರುವುದು ಆ ಒಂದು ವಾಕ್ಯದಲ್ಲೇ.

ಸಮಿತಿಗಳೂ ಸುಲಭವಾಗಿ ಬರಲಿಲ್ಲ. 2012ರ ಕಸದ ಬಿಕ್ಕಟ್ಟಿನಲ್ಲಿ ಮಾವಳ್ಳಿಪುರ, ಮಂಡೂರುಗಳ ಗ್ರಾಮಸ್ಥರು ನಗರದ ಕಸಕ್ಕೆ ತಡೆಯೊಡ್ಡಿದ ಸಂದರ್ಭದ ಮೊಕದ್ದಮೆಯಲ್ಲಿ ಹೈಕೋರ್ಟ್ ಸಮಿತಿಗಳ ರಚನೆಗೆ ಒತ್ತಾಯಿಸಿತು. ನಿಯಮಗಳು ಬಂದದ್ದು 2016ರಲ್ಲಿ. ಜನಾಗ್ರಹ ಮತ್ತು ಸಿಟಿಜನ್ಸ್ ಫಾರ್ ಬೆಂಗಳೂರಿನಂಥ ಸಂಘಟನೆಗಳ ಒತ್ತಡದ ನಡುವೆ 2018ರ ಕೊನೆಯಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ಎಲ್ಲ ವಾರ್ಡ್‌ಗಳಲ್ಲೂ ಸಭೆ ನಡೆಯಬೇಕೆಂದು ಪಾಲಿಕೆ ಗೊತ್ತುಪಡಿಸಿತು. ದಿನ ಗೊತ್ತಾದದ್ದು ಸಣ್ಣ ಸಂಗತಿಯಂತೆ ಕಂಡರೂ ಪರಿಣಾಮದಲ್ಲಿ ದೊಡ್ಡದು, ಏಕೆಂದರೆ ಅಲ್ಲಿಯವರೆಗೆ ಸಭೆ ಎಂದು, ಎಲ್ಲಿ ಎಂಬುದು ಸದಸ್ಯರಿಗೇ ತಿಳಿಯುತ್ತಿರಲಿಲ್ಲ. ಅಂಥ ಸಭೆಯ ಕ್ರಮ ಹೀಗಿತ್ತು: ಹಿಂದಿನ ನಡಾವಳಿಯ ಓದು, ಅದರ ಮೇಲೆ ಏನು ಕ್ರಮವಾಯಿತೆಂಬ ಅನುಪಾಲನಾ ವರದಿ, ಬಳಿಕ ನಿವಾಸಿಗಳ ಅಹವಾಲು, ಕೊನೆಗೆ ಕಾಮಗಾರಿಗಳ ಚರ್ಚೆ. ಬೀದಿದೀಪ, ಕಸ, ಚರಂಡಿ, ರಸ್ತೆಗುಂಡಿಗಳಿಗೆ ಪಾಲಿಕೆಯ ಎಂಜಿನಿಯರ್ ಉತ್ತರ ಹೇಳುತ್ತಿದ್ದರು. ನೀರು, ವಿದ್ಯುತ್, ಬಡಾವಣೆಯ ಅನುಮೋದನೆ, ಸಂಚಾರದ ಪ್ರಶ್ನೆ ಬಂದಾಗ ಜಲಮಂಡಳಿ, ಬೆಸ್ಕಾಂ, ಬಿಡಿಎ, ಪೊಲೀಸ್ ಇಲಾಖೆಗಳಿಗೆ ಪತ್ರ ಬರೆಯಲು ತೀರ್ಮಾನಿಸಲಾಗುತ್ತಿತ್ತು. ಆ ಸಂಸ್ಥೆಗಳು ಸಮಿತಿಗೆ ಉತ್ತರದಾಯಿಗಳಾಗಿರಲಿಲ್ಲ. ಟ್ಯಾಂಕರ್ ನೀರಿನ ದುಃಖ ಹೊತ್ತು ಬಂದ ಗೃಹಿಣಿ ಎರಡು ಸಭೆಗಳಲ್ಲಿ ಇದೇ ಪತ್ರದ ಮಾತು ಕೇಳಿದ ಮೇಲೆ ಮೂರನೆಯದಕ್ಕೆ ಬಾರದಿದ್ದರೆ ಅದನ್ನು ಉದಾಸೀನವೆನ್ನುವುದು ನ್ಯಾಯವಲ್ಲ. ಸಭೆಯ ತೀರ್ಮಾನಕ್ಕೆ ಹಣ ಬಂದಾಗ ಜನವೂ ಬರುತ್ತಾರೆಂಬುದಕ್ಕೆ ಹೊರಗಿನ ನಿದರ್ಶನಗಳಿವೆ: ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಿಂದ ಆಯವ್ಯಯದ ಒಂದು ಭಾಗವನ್ನು ನೆರೆಹೊರೆಯ ಸಭೆಗಳ ತೀರ್ಮಾನಕ್ಕೆ ಬಿಟ್ಟಾಗ ಸಾವಿರಾರು ಜನ, ಅದರಲ್ಲೂ ಬಡವರು, ಸಭೆಗೆ ನಡೆದು ಬಂದರು.

2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಚುನಾಯಿತ ಅವಧಿ ಮುಗಿಯಿತು. ಬಳಿಕ ಪ್ರತಿ ವಾರ್ಡ್‌ಗೂ ನೋಡಲ್ ಅಧಿಕಾರಿ, ಎಂದರೆ ಸಭೆಯ ಹೊಣೆ ಹೊತ್ತ ಸರ್ಕಾರಿ ನೌಕರರು, ನೇಮಕವಾದರು; ಅಹವಾಲು ಕೇಳುವವರೂ ಉತ್ತರ ಹೇಳಬೇಕಾದವರೂ ಒಂದೇ ಆಡಳಿತದವರಾದರು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಅದೇ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದವು. ವಾರ್ಡ್‌ಗಳ ಸಂಖ್ಯೆ 369ಕ್ಕೆ ಏರಿತು, ಹಳೆಯ ಗಡಿಗಳು ಬದಲಾದವು. ನಗರ ಸೇರಿದ 2007ರಿಂದ 2025ರ ಕೊನೆಯವರೆಗೆ ಗೊಟ್ಟಿಗೆರೆಯ ಮತದಾರರು ತಮ್ಮ ಪಾಲಿಕೆ ಸದಸ್ಯರನ್ನು ಆರಿಸಿದ್ದು 2010ರ ಮಾರ್ಚ್‌ನಲ್ಲಿ ಒಮ್ಮೆ, 2015ರ ಆಗಸ್ಟ್‌ನಲ್ಲಿ ಇನ್ನೊಮ್ಮೆ. ಅದೇ ಅವಧಿಯಲ್ಲಿ, ನಗರದ ಗಡಿಯಾಚೆ ಪಂಚಾಯಿತಿಗಳಾಗಿಯೇ ಉಳಿದ ಹಳ್ಳಿಗಳಿಗೆ 2010, 2015 ಮತ್ತು 2020ರಲ್ಲಿ ಚುನಾವಣೆಗಳು ನಡೆದವು. ಅಲ್ಲಿಯ ಮತದಾರರು ಗ್ರಾಮಸಭೆಯ ಸದಸ್ಯರಾಗಿ ಮುಂದುವರಿದರು.