ಇಟ್ಟಿಗೆಯ ನೆಲದ ಸಾಕ್ಷಿ

ನಮ್ಮ ಬೀದಿಯ ಬೇಕರಿಯಲ್ಲಿ ಈಚೆಗೆ ಹೊಸದೊಂದು ಸೌದೆಯ ಭಟ್ಟಿ ಕಟ್ಟಿಸಿದರು. ಸಿಮೆಂಟು ನೆಲವಿದ್ದೇ ಇದೆ, ಅದರ ಮೇಲೆಯೇ ಕಟ್ಟಿದರಾಯಿತೆಂದು ಯಜಮಾನರ ವಾದ. ಮೇಸ್ತ್ರಿ ಒಪ್ಪಲಿಲ್ಲ. “ಶಾಖ ಕೆಳಕ್ಕೂ ಇಳಿಯುತ್ತೆ ಸ್ವಾಮಿ, ಸಿಮೆಂಟು ಬಿರಿದುಬಿಡುತ್ತೆ” ಎಂದವನೇ ನೆಲ ಅಗೆಸಿ, ಮರಳು ಹಾಸಿ, ಬೆಂಕಿಗೆ ಬಗ್ಗದ ಇಟ್ಟಿಗೆ ಕೂಡಿಸಿದ. ಸಂಜೆ ಬನ್ನು ಕೊಳ್ಳಲು ಹೋಗಿದ್ದ ನನ್ನತ್ತ ತಿರುಗಿ, “ನೆಲ ಭದ್ರವಾಯಿತು ಅಂತ ಪಕ್ಕದಲ್ಲೇ ಸೌದೆ ಪೇರಿಸಬಾರದು, ನೀವಾದರೂ ಹೇಳಿ ಮೇಷ್ಟ್ರೇ” ಎಂದ.

ಹೇಳಲು ನನ್ನಲ್ಲೊಂದು ಹಳೆಯ ಕಥೆಯಿತ್ತು. ಅದು ಲಂಡನ್ನಿನ ಪುಡಿಂಗ್ ಲೇನ್ ಎಂಬ ಓಣಿಯದು. ಅಲ್ಲಿ ಥಾಮಸ್ ಫ್ಯಾರಿನರ್ ಎಂಬವನ ಬೇಕರಿಯಿತ್ತು. ನೌಕಾಪಡೆಗೆ ಬಿಸ್ಕತ್ತು ಒದಗಿಸುತ್ತಿದ್ದವನು ಅವನು. 1666ರ ಸೆಪ್ಟೆಂಬರ್ 2ರ ಭಾನುವಾರ, ಬೆಳಗಾಗುವ ಮುಂಚೆಯೇ ಅವನ ಮನೆಗೆ ಬೆಂಕಿ ಬಿತ್ತು. ಮನೆಯವರು ಮಹಡಿಯ ಕಿಟಕಿಯಿಂದ ಪಕ್ಕದ ಮನೆಗೆ ದಾಟಿಕೊಂಡರು; ಕೆಲಸದ ಹುಡುಗಿ ಹೆದರಿ ಹಿಂದೆಯೇ ಉಳಿದು ಸುಟ್ಟುಹೋದಳು. ಬೇಸಗೆಯೆಲ್ಲ ಒಣಗಿದ್ದ ಮರದ ಮನೆಗಳು, ಮೇಲಿಂದ ಬಿರುಗಾಳಿ. ನಾಲ್ಕೈದು ದಿನಗಳಲ್ಲಿ 13,000ಕ್ಕೂ ಹೆಚ್ಚು ಮನೆಗಳು, 87 ಚರ್ಚುಗಳು ಬೂದಿಯಾದವು.

ವಿಚಾರಣೆಯಲ್ಲಿ ಫ್ಯಾರಿನರ್ ಕೊಟ್ಟ ಹೇಳಿಕೆ ನನ್ನನ್ನು ಬಹಳ ಕಾಡಿದೆ. ನಡುರಾತ್ರಿಯ ಮೇಲೆ ಕೋಣೆ ಕೋಣೆಯನ್ನೂ ನೋಡಿ ಬಂದನಂತೆ. ಬೆಂಕಿ ಇದ್ದದ್ದು ಒಂದೇ ಒಲೆಯಲ್ಲಿ; ಆ ಕೋಣೆಗೂ ಇಟ್ಟಿಗೆಯ ನೆಲ; ಕೆಂಡವನ್ನು ಕೆದಕಿ ಬೂದಿಯಲ್ಲಿ ಜೋಪಾನವಾಗಿ ಮುಚ್ಚಿದ್ದನಂತೆ. ಅವನ ಪರವಾಗಿ ಆ ನೆಲವೇ ಸಾಕ್ಷಿ! ಸುಳ್ಳಾಡಿದನೆಂದು ನಾನು ಹೇಳಲಾರೆ. ಕಾಲ ಕೆಳಗಿನ ಇಟ್ಟಿಗೆ ಗಟ್ಟಿಯಾಗಿದ್ದೀತು. ಆದರೆ ಸುತ್ತಲಿನ ಮನೆ ಮರದ್ದು. ಕಿಡಿಗೆ ನೆಲವೇ ಬೇಕೆಂದಿಲ್ಲ.

ಊರಿಗಾದರೋ ಒಬ್ಬ ಅಪರಾಧಿ ಬೇಕಾಗಿತ್ತು. ಫ್ರಾನ್ಸಿನ ರೂಆನ್ ಪಟ್ಟಣದವನಾದ ರಾಬರ್ಟ್ ಹ್ಯೂಬರ್ಟ್ ಎಂಬ ಬಡಪಾಯಿ, ಕಿಟಕಿಯಿಂದ ಬೆಂಕಿಯುಂಡೆ ಎಸೆದವನು ತಾನೇ ಎಂದು ಒಪ್ಪಿಕೊಂಡ. ಅವನ ಮಾತು ಒಂದು ಸಲದಂತೆ ಇನ್ನೊಂದು ಸಲ ಇರಲಿಲ್ಲ. ವಿಚಾರಣೆ ನಡೆಸಿದವರೇ ಅವನನ್ನು ನಂಬಲಿಲ್ಲವೆಂದು ಆಗಿನ ಮಂತ್ರಿ ಕ್ಲಾರೆಂಡನ್ ಬರೆದಿಟ್ಟಿದ್ದಾನೆ. ಆದರೂ ದೋಷಾರೋಪಣೆಯ ಪತ್ರಕ್ಕೆ ಫ್ಯಾರಿನರ್, ಅವನ ಮಗ, ಮಗಳು ಮೂವರೂ ಸಹಿ ಮಾಡಿದರು. ಅಕ್ಟೋಬರಿನಲ್ಲಿ ಹ್ಯೂಬರ್ಟನನ್ನು ಗಲ್ಲಿಗೇರಿಸಿದರು. ಬೆಂಕಿ ಹತ್ತಿ ಎರಡು ದಿನಗಳಾದ ಮೇಲೆ ಅವನು ಲಂಡನ್ನಿನಲ್ಲಿ ಇಳಿದದ್ದೆಂದು ಅವನನ್ನು ಕರೆತಂದ ಹಡಗಿನ ಕಪ್ತಾನ ಆಮೇಲೆ ಹೇಳಿದ.

1667ರ ಕಾಯಿದೆ ಮರದ ಹೊರಗೋಡೆಗಳನ್ನು ಬಿಟ್ಟು ಇಟ್ಟಿಗೆ, ಕಲ್ಲುಗಳಲ್ಲಿ ಕಟ್ಟಬೇಕೆಂದು ವಿಧಿಸಿತು. ಮುಂದಿನ ಕಾಲದ ಮನೆಗಳಲ್ಲಿ ಮಹಡಿಯ ಒಲೆಯ ಮುಂದಿನ ಚಪ್ಪಡಿಯ ಅಡಿಗೆ ಇಟ್ಟಿಗೆಯ ಅರ್ಧ ಕಮಾನು ಕಟ್ಟುವುದು ವಾಡಿಕೆಯಾಯಿತು. ಮರದ ತೊಲೆಗೆ ಶಾಖ ಮುಟ್ಟದಿರಲಿ ಎಂದು. ವರ್ಷಗಟ್ಟಲೆ ಕಾದ ಮರ ಒಳಗೊಳಗೇ ಕರಕಾಗಿ, ಹೊಸ ಮರಕ್ಕಿಂತ ಕಡಮೆ ಶಾಖಕ್ಕೇ ಹತ್ತಿಕೊಳ್ಳುತ್ತದೆ. ನಮ್ಮ ಮೇಸ್ತ್ರಿಗೆ ಇದನ್ನು ಯಾರೂ ಪಾಠ ಹೇಳಬೇಕಾಗಿಲ್ಲ.

1986ರಲ್ಲಿ ಲಂಡನ್ನಿನ ಬೇಕರಿಗಳ ಸಂಘ ನಗರದ ಮೇಯರರ ಕ್ಷಮೆ ಕೇಳಿ ಪುಡಿಂಗ್ ಲೇನಿನಲ್ಲಿ ಫಲಕವೊಂದನ್ನು ಹಾಕಿಸಿತು. ಬೆಂಕಿ ಹುಟ್ಟಿದ್ದು ಫ್ಯಾರಿನರನ ಅಂಗಡಿಯಲ್ಲಿ ಎಂದು ಅದರಲ್ಲಿದೆ. ಹ್ಯೂಬರ್ಟನ ಹೆಸರು ಅದರಲ್ಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಯಜಮಾನರು ಆಳುಗಳನ್ನು ಕರೆದು ಸೌದೆಯನ್ನು ಹಿತ್ತಲಿಗೆ ಸಾಗಿಸತೊಡಗಿದ್ದರು.