ಕೇಸಿನ ಮುಂದಿನ ಅಂಕಿ

2008ರ ವಿಧಾನಸಭಾ ಚುನಾವಣೆಗೆ ಮುನ್ನ ವಿಜಯನಗರದ ನಾವು ಕೆಲವರು ಮತದಾರರಿಗಾಗಿ ಕರಪತ್ರ ತರಲು ಹೊರಟಾಗ, ಜನಕ್ಕೆ ಮೊದಲು ತಿಳಿಸಬೇಕಾದದ್ದು ಅಭ್ಯರ್ಥಿ ಯಾರೆಂದಲ್ಲ, ಕ್ಷೇತ್ರ ಯಾವುದೆಂದು. ಪುನರ್ವಿಂಗಡಣೆಯಲ್ಲಿ ಬಿನ್ನಿಪೇಟೆ ಕ್ಷೇತ್ರವೇ ಇಲ್ಲವಾಗಿ ವಿಜಯನಗರ, ಗೋವಿಂದರಾಜನಗರ ಹುಟ್ಟಿದ್ದವು. ಕೆಂಗೇರಿ ಹೋಗಿ ಯಶವಂತಪುರಕ್ಕೆ ಸೇರಿತ್ತು. ಅದು ಹೇಗೆಂದು ನಕ್ಷೆ ಬರೆದವರನ್ನೇ ಕೇಳಬೇಕು.

ನಮಗೆ ಸರಕು ಒದಗಿಸಿದ್ದು ಎಡಿಆರ್ ಸಂಸ್ಥೆಯ ಮೊಕದ್ದಮೆ. ಅಭ್ಯರ್ಥಿಗಳು ಕೇಸು, ಆಸ್ತಿ, ಸಾಲ, ಓದು ಎಲ್ಲವನ್ನೂ ಘೋಷಿಸಬೇಕೆಂದು ಸುಪ್ರೀಂ ಕೋರ್ಟು 2002ರ ಮೇ 2ರಂದು ಹೇಳಿತು. ಅದನ್ನು ಮೊಟಕುಗೊಳಿಸಲು ಸಂಸತ್ತು ತಂದ ತಿದ್ದುಪಡಿಯೂ 2003ರ ಮಾರ್ಚ್ 13ರಂದು ಕೋರ್ಟಿನಲ್ಲಿ ಬಿದ್ದುಹೋಯಿತು.

ನಾಮಪತ್ರ ವಾಪಸಾತಿಯಿಂದ ಮತದಾನಕ್ಕೆ ಕಾನೂನಿನ ಪ್ರಕಾರ ಕನಿಷ್ಠ 14 ದಿನ. ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಅದರೊಳಗೆ ಪ್ರಮಾಣಪತ್ರ ಓದಿ, ಅಚ್ಚು ಹಾಕಿಸಿ, ಬೆಳಗಿನ ಜಾವ ಪೇಪರ್ ಹುಡುಗರ ಜೊತೆ ಕೂತು ಪತ್ರಿಕೆಯೊಳಗೆ ಸೇರಿಸಬೇಕು. ಮುದ್ರಕರ, ಪ್ರಕಾಶಕರ ಹೆಸರು-ವಿಳಾಸ ಕಡ್ಡಾಯ. ಪಕ್ಷಪಾತದ ಮಾತು ಬಾರದಿರಲೆಂದು ಹೆಸರುಗಳನ್ನು ಮತಯಂತ್ರದ ಕ್ರಮದಲ್ಲೇ ಹಾಕಿದೆವು.

ಎಡವಿದ್ದು ಬೇರೆ ಕಡೆ. ‘ಕೇಸು: 3’ ಎಂದಷ್ಟೇ ಅಚ್ಚಾಗಿತ್ತು. ಬಸವೇಶ್ವರನಗರದ ಹಿರಿಯರೊಬ್ಬರು ನಿಲ್ಲಿಸಿ ಕೇಳಿದರು: “ಧರಣಿ ಕೂತವನ ಮೇಲೂ ಕೇಸು, ತಲೆ ಒಡೆದವನ ಮೇಲೂ ಕೇಸು. ನಿಮ್ಮ ಲೆಕ್ಕದಲ್ಲಿ ಇಬ್ಬರೂ ಒಂದೇ ಏನಪ್ಪಾ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬರೀ ಅಂಕಿ ಹಾಕಿದರೆ ಯಾರ ಕಡೆಗೂ ವಾಲಿದಂತಾಗದು ಎಂದುಕೊಂಡಿದ್ದೆ.

2013ರಲ್ಲಿ ಪ್ರತಿ ಕೇಸಿನ ಮುಂದೆ ಕಲಂ, ಆರೋಪ, ಅದು ಯಾವ ಹಂತದಲ್ಲಿದೆ ಎಂಬುದನ್ನೂ ಬರೆದೆವು. ಒಂದು ಹಾಳೆ ಎರಡಾಯಿತು. ಮೊದಲ ಪ್ರತಿಯನ್ನು ಅವರಿಗೇ ಒಯ್ದು ಕೊಟ್ಟೆ. ಪೂರ್ತಿ ಓದಿ ಕನ್ನಡಕ ತೆಗೆದು, “ಅಕ್ಷರ ಸಣ್ಣದಾಯ್ತಲ್ಲ” ಎಂದರು.